ಚೂಫಾ ಹಾಲು ಒಲೆಯ ಮೇಲೆ ಗಂಜಿಯಾಗುವುದೇಕೆ?

ಪ್ರಶ್ನೆ: ನಮ್ಮ ಮಗನಿಗೆ ಏಳು ವರ್ಷ. ಹಸುವಿನ ಹಾಲು ಕುಡಿದರೆ ಮೈಮೇಲೆ ದದ್ದು ಏಳುತ್ತದೆ; ಹಾಲಿನ ಅಲರ್ಜಿ ಎಂದು ವೈದ್ಯರು ಹೇಳಿದ್ದಾರೆ. ಬಾದಾಮಿ, ಗೋಡಂಬಿಯೂ ಅವನಿಗೆ ಆಗಿಬರುವುದಿಲ್ಲ. ಸ್ಪೇನಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಈ ಸಲ ಊರಿಗೆ ಬರುವಾಗ ವಲೆನ್ಸಿಯಾದಿಂದ ಒಂದು ಕಿಲೋ ಟೈಗರ್ ನಟ್, ಅಂದರೆ ಚೂಫಾ ಎಂಬ ಒಣಗೆಡ್ಡೆ, ತಂದುಕೊಟ್ಟ. ಅಲ್ಲಿ ಇದರ ಹಾಲನ್ನು ಮಕ್ಕಳು ಮುದುಕರೆಲ್ಲ ಕುಡಿಯುತ್ತಾರಂತೆ. ಕಾಲು ಕಿಲೋ ತೆಗೆದುಕೊಂಡು, ನಾಲ್ಕು ಗಂಟೆ ನೆನೆಸಿ, ರುಬ್ಬಿ, ಸೋಸಿ, ಹಾಲು ಕಾಯಿಸಿದಂತೆ ಕಾಯಿಸಿದೆ. ಐದೇ ನಿಮಿಷದಲ್ಲಿ ಗಂಜಿಯಾಯಿತು. ಎರಡನೆಯ ಸಲ ಇನ್ನೊಂದು ಕಾಲು ಕಿಲೋ ರುಬ್ಬಿ, ಕಾಯಿಸದೆ ಪಾತ್ರೆಯಲ್ಲಿ ಮುಚ್ಚಿಟ್ಟೆ. ಮರುದಿನ ಬೆಳಿಗ್ಗೆ ಹುಳಿ ವಾಸನೆ. ಮಿಕ್ಸಿಯಂತೂ ಸುಟ್ಟ ವಾಸನೆ ಬಂದು ನಡುವೆ ನಿಂತುಹೋಗಿತ್ತು. ಎಲ್ಲಿ ತಪ್ಪಿದೆ? ಇದು ಹಾಲಿನ ಬದಲಿಗೆ ಆಗುತ್ತದೆಯೆ? ಇದಕ್ಕೆ ಹೆಪ್ಪು ಹಾಕಿ ಮೊಸರು ಮಾಡಬಹುದೆ? ನಮ್ಮ ಮಾವನವರು ಈ ಗೆಡ್ಡೆಯನ್ನು ನೋಡಿ, “ಇದು ನಮ್ಮ ಹೊಲದ ಜೇಕಿನ ಗೆಡ್ಡೆಯಲ್ಲವೆ, ಅಷ್ಟು ದೂರದಿಂದ ಹೊತ್ತು ತರಬೇಕಿತ್ತೆ” ಎಂದು ನಗುತ್ತಾರೆ. ಅದು ನಿಜವೆ?

— ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ನೀವು ಎಡವಿದ್ದು ‘ಹಾಲು’ ಎಂಬ ಮಾತಿನ ಮೇಲೆ. ಹಾಲು ಎಂದ ಕೂಡಲೇ ನಮ್ಮ ಕೈ ತಾನಾಗಿಯೇ ಒಲೆ ಹಚ್ಚುತ್ತದೆ. ಕಾಯಿಸದ ಹಾಲನ್ನು ಮಗುವಿಗೆ ಕೊಡುವುದು ನಮ್ಮ ಮನೆಗಳಲ್ಲಿ ಊಹೆಗೂ ನಿಲುಕದ ಸಂಗತಿ, ಹಸುವಿನ ಹಾಲಿನ ಮಟ್ಟಿಗೆ ಅದು ಸರಿಯೂ ಹೌದು. ಆದರೆ ನೀವು ಬಟ್ಟೆಯಲ್ಲಿ ಸೋಸಿ ಪಾತ್ರೆಗೆ ಇಳಿಸಿಕೊಂಡ ಬೆಳ್ಳನೆಯ ದ್ರವ ಹಾಲಿನ ಜಾತಿಯದಲ್ಲ, ರಾಗಿ ಹಾಲಿನ ಜಾತಿಯದು. ರಾಗಿ ನೆನೆಸಿ, ರುಬ್ಬಿ, ಹಾಲು ತೆಗೆದು ಒಲೆಯ ಮೇಲಿಟ್ಟು ಮಣ್ಣಿ ಮಾಡಿದವರಿಗೆ ಆಮೇಲೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಮೊದಲು ನೀರು ನೀರು, ಸೌಟು ಸಲೀಸಾಗಿ ತಿರುಗುತ್ತಿರುತ್ತದೆ. ಪಾತ್ರೆಯ ಅಂಚಿನಲ್ಲಿ ಸಣ್ಣಗೆ ಹಬೆ ಎದ್ದದ್ದೇ ತಡ, ಸೌಟಿಗೆ ಭಾರ ಹತ್ತುತ್ತದೆ, ಎರಡು ನಿಮಿಷದಲ್ಲಿ ಲೊಟಲೊಟ ಎನ್ನುತ್ತದೆ. ನಿಮ್ಮ ಪಾತ್ರೆಯಲ್ಲಿ ಆದದ್ದೂ ಅದೇ.

ಒಣಗಿದ ಚೂಫಾದಲ್ಲಿ (ಟೈಗರ್ ನಟ್ಟಿಗೆ ಸ್ಪೇನಿನಲ್ಲಿ ಹೀಗೆನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ) ತೂಕದ ಕಾಲು ಭಾಗಕ್ಕೂ ಮಿಕ್ಕಿ ಪಿಷ್ಟ ಇರುತ್ತದೆ. ಎಣ್ಣೆಯ ಅಂಶವೂ ಹೆಚ್ಚುಕಡಿಮೆ ಕಾಲು ಭಾಗ. ಸಕ್ಕರೆ ನೂರಕ್ಕೆ ಹತ್ತರಿಂದ ಹದಿನೈದು. ಉಳಿದದ್ದು ನಾರು, ಸ್ವಲ್ಪ ಪ್ರೋಟೀನ್. ತಣ್ಣೀರಿನಲ್ಲಿರುವಾಗ ಪಿಷ್ಟದ ಕಣಗಳು ಕದಡಿದ ಸುಣ್ಣದಂತೆ ತೇಲಾಡುತ್ತವೆ, ಅಲುಗಾಡಿಸದೆ ಬಿಟ್ಟರೆ ತಳ ಸೇರುತ್ತವೆ, ಅಷ್ಟೇ. ಬಿಸಿ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಅವು ನೀರು ಹೀರಿ, ಉಬ್ಬಿ, ಒಡೆದು, ಇಡೀ ಪಾತ್ರೆಯ ನೀರನ್ನು ತಮ್ಮೊಳಗೆ ಹಿಡಿದಿಟ್ಟುಕೊಳ್ಳುತ್ತವೆ. ಆಮೇಲೆ ಫ್ರಿಜ್ಜಿನಲ್ಲಿಟ್ಟರೂ ತಿರುಗಿ ತೆಳ್ಳಗಾಗುವುದಿಲ್ಲ. ಅನ್ನವನ್ನು ಮತ್ತೆ ಅಕ್ಕಿ ಮಾಡಲಾಗುವುದಿಲ್ಲವಲ್ಲ.

ಆ ಗಂಜಿಯನ್ನು ಚೆಲ್ಲಿಬಿಟ್ಟಿರಾ? ಚೆಲ್ಲಿದ್ದರೆ ಅನ್ಯಾಯ. ಘಾನಾ ದೇಶದಲ್ಲಿ ಚೂಫಾಕ್ಕೆ ಅಟಾಡ್ವೆ ಎಂದು ಹೆಸರು. ಅಲ್ಲಿ ಅದರ ಹಾಲಿಗೆ ಅಕ್ಕಿಹಿಟ್ಟು ಬೆರೆಸಿ, ಬೇಕೆಂದೇ ಒಲೆಯ ಮೇಲಿಟ್ಟು ಗಟ್ಟಿ ಮಾಡಿ ತಿನ್ನುತ್ತಾರೆ. ನಮ್ಮ ಕಡೆಯವರಾದರೆ ಬೆಲ್ಲ, ಚಿಟಿಕೆ ಉಪ್ಪು, ಏಲಕ್ಕಿ ಹಾಕಿ ಮಗುಚುತ್ತಾ ಹೋಗಿ, ತಟ್ಟೆಗೆ ಸುರಿದು ಆರಿಸಿ ಹಾಲುಬಾಯಿ ಮಾಡಿಬಿಡುತ್ತಿದ್ದರು. ಗೆಡ್ಡೆಯಲ್ಲೇ ಎಣ್ಣೆ ಇರುವುದರಿಂದ ತುಪ್ಪವೂ ಹೆಚ್ಚು ಬೇಕಾಗುವುದಿಲ್ಲ. ನಿಮ್ಮ ಮಗನಿಗೆ ತುಪ್ಪವೂ ಹಾಲಿನದೇ ಆದ್ದರಿಂದ ಅದನ್ನು ಬಿಟ್ಟೇ ಮಾಡಿ, ತಟ್ಟೆಗೆ ಕೊಬ್ಬರಿ ಎಣ್ಣೆ ಸವರಿ.

ಎರಡನೆಯ ಸಲ ಹುಳಿಯಾದದ್ದು ಬೇರೆ ಕಥೆ. ಇದು ಮಣ್ಣಿನೊಳಗೆ ಬೆಳೆಯುವ ಗೆಡ್ಡೆ. ಹೆಸರಿನಲ್ಲಿ ‘ನಟ್’ ಇದ್ದರೂ ಬಾದಾಮಿ, ಗೋಡಂಬಿಗಳಿಗೂ ಇದಕ್ಕೂ ಯಾವ ನಂಟೂ ಇಲ್ಲ. ಒಣಗಿದಾಗ ಮೈಯೆಲ್ಲ ಸುಕ್ಕುಗಟ್ಟುತ್ತದೆ, ಸುಕ್ಕಿನ ಸಂದುಗಳಲ್ಲಿ ಮಣ್ಣು, ಮಣ್ಣಿನ ಜೊತೆಗೆ ಬ್ಯಾಕ್ಟೀರಿಯಾ. ಅದನ್ನೇ ರುಬ್ಬಿ, ಸಿಹಿಯಿರುವ, ಹುಳಿಯಿಲ್ಲದ, ಬೆಂಕಿ ಕಾಣದ ನೀರಿಗೆ ಸೇರಿಸಿ ರಾತ್ರಿಯಿಡೀ ಅಡುಗೆಮನೆಯಲ್ಲಿಟ್ಟರೆ ಆ ಜೀವಿಗಳಿಗೆ ಅದೊಂದು ಜಾತ್ರೆ. ಮೊದಲ ಸಲ ಮಾಡಿದಾಗ ನಾನೂ ಇದೇ ತಪ್ಪು ಮಾಡಿದ್ದೆ. ಆಹಾರ ವಿಜ್ಞಾನವನ್ನೇ ಪಾಠ ಮಾಡಿಕೊಂಡಿದ್ದವನು, ಏಪ್ರಿಲ್ ತಿಂಗಳಲ್ಲಿ, ಸೋಸುವುದನ್ನು ನಾಳೆ ನೋಡೋಣವೆಂದು ರುಬ್ಬಿದ್ದನ್ನು ಗಾಜಿನ ಬಾಟಲಿಗೆ ತುಂಬಿ ಕಟ್ಟೆಯ ಮೇಲೆ ಇಟ್ಟು ಮಲಗಿದ್ದೆ. ಬೆಳಿಗ್ಗೆ ಮುಚ್ಚಳ ತಿರುಗಿಸಿದರೆ ಸೋಡಾ ಒಡೆದಂತೆ ಠುಸ್ ಎಂದಿತು. ಹೆಂಡತಿ ಏನೂ ಅನ್ನಲಿಲ್ಲ. ಬಾಟಲಿಯನ್ನು ಎತ್ತಿಕೊಂಡು ಹೋಗಿ ತೆಂಗಿನ ಬುಡಕ್ಕೆ ಸುರಿದು ಬಂದಳು.

ಹಾಗಾದರೆ ಕಾಯಿಸುವಂತಿಲ್ಲ, ಕಾಯಿಸದೆ ಇಡುವಂತಿಲ್ಲ. ವಲೆನ್ಸಿಯಾದವರು ಏನು ಮಾಡುತ್ತಾರೆ? ಬೆಂಕಿ ಮಾಡಬೇಕಾದ ಕೆಲಸವನ್ನು ಅವರು ನೀರಿನಿಂದಲೂ ಚಳಿಯಿಂದಲೂ ಮಾಡಿಸುತ್ತಾರೆ.

ವಲೆನ್ಸಿಯಾ ನಗರದ ಉತ್ತರಕ್ಕೆ ಹೊಂದಿಕೊಂಡಂತೆ ಅಲ್ಬೊರಾಯಾ ಎಂಬ ಊರಿದೆ. ಸುತ್ತಲಿನ ಬಯಲು ತೂರಿಯಾ ನದಿಯ ಹಳೆಯ ನಾಲೆಗಳ ನೀರುಣ್ಣುವ ತೋಟದ ಪ್ರದೇಶ. ಆ ನಾಲೆಗಳ ನೀರಿನ ತಂಟೆಗಳನ್ನು ತೀರಿಸಲು ರೈತರೇ ಆರಿಸಿದ ಪಂಚರು ಪ್ರತಿ ಗುರುವಾರ ಮಧ್ಯಾಹ್ನ ನಗರದ ದೊಡ್ಡ ಚರ್ಚಿನ ಬಾಗಿಲಲ್ಲಿ ಕೂರುವ ಪದ್ಧತಿ ಇಂದಿಗೂ ಇದೆ. 2009ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ನೀರಿನಲ್ಲಿ, ಮರಳು ಬೆರೆತ ಹಗುರ ಮಣ್ಣಿನಲ್ಲಿ ಚೂಫಾ ಬೆಳೆಯುತ್ತದೆ. ವಸಂತದಲ್ಲಿ ಬಿತ್ತನೆ. ಶರತ್ಕಾಲದಲ್ಲಿ ಮೇಲಿನ ಹುಲ್ಲು ಒಣಗಿದ ಮೇಲೆ ಅದನ್ನು ಸುಟ್ಟು, ನವೆಂಬರ್‌ನಿಂದ ಮಣ್ಣು ಸಮೇತ ಗೆಡ್ಡೆಯನ್ನು ಎತ್ತಿ, ಜರಡಿ ಹಿಡಿದು, ತೊಳೆಯುತ್ತಾರೆ. ಮುಖ್ಯವಾದ ಕೆಲಸ ಅದಾದ ಮೇಲೆ ಇರುವುದು: ಗಾಳಿಯಾಡುವ ಅಟ್ಟಗಳಲ್ಲಿ ಹರಡಿ, ಹಲಗೆಯಿಂದ ದಿನವೂ ಕೈಯಾಡಿಸುತ್ತ ಸುಮಾರು ಮೂರು ತಿಂಗಳು ಒಣಗಿಸುವುದು. ಅಡಿಕೆ ಒಣಗಿಸುವವರಿಗೆ ಈ ಬೇಸಾಯದ ಬೇಸರ ಗೊತ್ತು. ಹೊಸದಾಗಿ ಕಿತ್ತಾಗ ಅರ್ಧಕ್ಕರ್ಧ ನೀರಿದ್ದ ಗೆಡ್ಡೆ ಒಣಗಿ ನೂರಕ್ಕೆ ಹತ್ತರಷ್ಟಕ್ಕೆ ಇಳಿಯುತ್ತದೆ, ಸಿಹಿ ಏರುತ್ತದೆ, ಕಲ್ಲಿನಂತೆ ಗಟ್ಟಿಯಾಗುತ್ತದೆ. ನಿಮ್ಮ ಮಿಕ್ಸಿ ಸೋತದ್ದು ಈ ಕಲ್ಲಿಗೆ.

ಅಲ್ಲಿಯವರು ಈ ಪೇಯವನ್ನು ಹಾಲು ಎಂದು ಕರೆಯುವುದೇ ಇಲ್ಲ, ಓರ್ಚಾತಾ ಎನ್ನುತ್ತಾರೆ. ಅರಬರ ಕಾಲದಲ್ಲಿ ಅಲ್ಲಿಗೆ ಬಂದ ಬೆಳೆ ಇದು. ರಾಜನೊಬ್ಬನಿಗೆ ಹಳ್ಳಿಯ ಹುಡುಗಿ ಇದನ್ನು ಕೊಟ್ಟಾಗ ಅವನು “ಇದು ಚಿನ್ನ ಕಣೇ ಹುಡುಗಿ” ಎಂದನಂತೆ, ಆ ಮಾತೇ ಸವೆದು ಓರ್ಚಾತಾ ಆಯಿತಂತೆ. ಕಥೆ ಚೆನ್ನಾಗಿದೆ, ಭಾಷಾ ಪಂಡಿತರು ಮಾತ್ರ ಲ್ಯಾಟಿನ್ನಿನಲ್ಲಿ ಬಾರ್ಲಿಗಿರುವ ಹೆಸರಿನಿಂದ ಹುಟ್ಟಿದ ಪದ ಎನ್ನುತ್ತಾರೆ. ಬಾರ್ಲಿ ನೀರಿನ ಹೆಸರು ಗೆಡ್ಡೆಯ ನೀರಿಗೆ ಅಂಟಿಕೊಂಡಿತು. ಮೆಕ್ಸಿಕೋದಲ್ಲಿ ಅದೇ ಹೆಸರಿನಲ್ಲಿ ಅಕ್ಕಿ ಮತ್ತು ದಾಲ್ಚಿನ್ನಿಯ ಪಾನಕ ಸಿಗುತ್ತದೆ, ಅದರಲ್ಲಿ ಚೂಫಾ ಇರುವುದಿಲ್ಲ. ಅಂತರ್ಜಾಲದಲ್ಲಿ ಪಾಕವಿಧಾನ ಹುಡುಕುವಾಗ ಗೊಂದಲ ಮಾಡಿಕೊಳ್ಳಬೇಡಿ.

ಅಲ್ಬೊರಾಯಾದ ಅಂಗಡಿಗಳಲ್ಲಿ ಓರ್ಚಾತಾ ಬರುವುದು ಮಂಜಿನಷ್ಟು ತಣ್ಣಗೆ. ಗಾಜಿನ ಲೋಟದ ಹೊರಮೈ ಬೆವರಿರುತ್ತದೆ. ಜೊತೆಗೆ ಫಾರ್ತೋನ್ ಎಂಬ ಉದ್ದನೆಯ, ಮೇಲೆ ಸಕ್ಕರೆ ಲೇಪಿಸಿದ ಮೆತ್ತನೆಯ ಬನ್ನು. ಅದನ್ನು ಲೋಟದೊಳಗೆ ಅದ್ದಿ ತಿನ್ನುತ್ತಾರೆ, ನಾವು ಕಾಫಿಗೆ ಬ್ರೆಡ್ ಅದ್ದಿದ ಹಾಗೆ. ಆ ತಣುಪು ಬರೀ ಬೇಸಿಗೆಯ ಶೋಕಿಯಲ್ಲ. ಅದೇ ಅದರ ಕಾವಲು. ಗೆಡ್ಡೆಯನ್ನು ರುಬ್ಬುವ ಮೊದಲು ಅಲ್ಲಿನ ತಯಾರಕರು ಹಲವು ನೀರಿನಲ್ಲಿ ತೊಳೆದು, ಕ್ಲೋರಿನ್ ಬೆರೆಸಿದ ನೀರಿನಲ್ಲಿಟ್ಟು ಶುದ್ಧಿ ಮಾಡಿ, ಮತ್ತೆ ತೊಳೆಯುತ್ತಾರೆ. ರುಬ್ಬಿ ಸೋಸಿದ ಕೂಡಲೇ ಸೊನ್ನೆ ಡಿಗ್ರಿಯ ಹತ್ತಿರಕ್ಕೆ ತಣಿಸುತ್ತಾರೆ. ಅಂಗಡಿಯ ಬಾಟಲಿಗಳಲ್ಲಿ ತಿಂಗಳುಗಟ್ಟಲೆ ಕೆಡದೆ ಇರುವ ಓರ್ಚಾತಾ ಸಿಗುವುದೂ ನಿಜ. ಆದರೆ ಅದರಲ್ಲಿನ ಪಿಷ್ಟವನ್ನು ಮೊದಲೇ ತೆಗೆದಿರುತ್ತಾರೆ ಅಥವಾ ಕಿಣ್ವ ಹಾಕಿ ಮುರಿದಿರುತ್ತಾರೆ, ಹಾಗಾಗಿ ಕಾಯಿಸಿದರೂ ಗಂಜಿಯಾಗುವುದಿಲ್ಲ. ರುಚಿಯೂ ಅಷ್ಟಕ್ಕಷ್ಟೇ. ಮನೆಯಲ್ಲಿ ಆ ವಿದ್ಯೆ ಬೇಡ.

ಈಗ ನಿಮ್ಮ ಅಡುಗೆಮನೆಗೆ ಬರೋಣ. ವಲೆನ್ಸಿಯಾದ ವಾಡಿಕೆಯ ಅಳತೆ ಒಂದು ಲೀಟರ್ ನೀರಿಗೆ 250 ಗ್ರಾಂ ಒಣ ಚೂಫಾ. ಅದೇ ಸರಿಯಾದ ಅಳತೆ, ಅದಕ್ಕಿಂತ ತೆಳ್ಳಗೆ ಮಾಡಿದರೆ ಕಲಗಚ್ಚಿನಂತಾಗುತ್ತದೆ. ನೀವು ಸದ್ಯಕ್ಕೆ 125 ಗ್ರಾಂ ತೆಗೆದುಕೊಂಡು ಅರ್ಧ ಲೀಟರ್ ಮಾಡಿ. ನಾನು ಇಲ್ಲಿ ಪೂರಾ ಅಳತೆಯನ್ನೇ ಹೇಳುತ್ತೇನೆ, ನೀವು ಅರ್ಧ ಮಾಡಿಕೊಳ್ಳಿ.

ಮೊದಲು ಗೆಡ್ಡೆಯನ್ನು ಒಂದು ತಟ್ಟೆಗೆ ಸುರಿದು ಆರಿಸಿ. ಸುಕ್ಕು ಇರಬೇಕಾದದ್ದೇ, ಅದಕ್ಕೆ ಹೆದರಬೇಡಿ. ತೂತು ಬಿದ್ದದ್ದು, ಬೂಷ್ಟು ಹಿಡಿದದ್ದು, ಒಡೆದು ಕಪ್ಪಾದದ್ದು ಎಲ್ಲ ಆಚೆಗೆ. ಬೂಷ್ಟಿನ ವಿಷಯದಲ್ಲಿ ಧಾರಾಳತನ ಬೇಡ; ಸರಿಯಾಗಿ ಒಣಗದ ನೆಲಗಡಲೆಯಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಇದರಲ್ಲೂ ಹುಟ್ಟಬಲ್ಲದು, ತೊಳೆದರೆ ಹೋಗುವಂಥದ್ದಲ್ಲ ಅದು. ಒಂದನ್ನು ಕಚ್ಚಿ ನೋಡಿ: ತೆಂಗಿನಕಾಯಿಗೂ ಬಾದಾಮಿಗೂ ನಡುವಿನ ಸಿಹಿ ಬಂದರೆ ಸರಿ, ಹಳೆಯ ಕೊಬ್ಬರಿಯ ಮುಗ್ಗಲು ಬಂದರೆ ಎಣ್ಣೆ ಕೆಟ್ಟಿದೆ ಎಂದರ್ಥ. ಆಮೇಲೆ ಅಗಲವಾದ ಪಾತ್ರೆಯಲ್ಲಿ ನೀರು ಹಾಕಿ ಅಂಗೈಗಳ ನಡುವೆ ಉಜ್ಜಿ ಉಜ್ಜಿ ತೊಳೆಯಿರಿ. ತೇಲುವುದನ್ನು ಬಸಿದುಬಿಡಿ. ಮೊದಲ ನೀರು ಹೊಲದ ಬದುವಿನ ನೀರಿನಂತೆ ಕೆಂಪಗಿರುತ್ತದೆ. ನೀರು ತಿಳಿಯಾಗುವವರೆಗೆ, ಕಡಿಮೆಯೆಂದರೆ ನಾಲ್ಕೈದು ಸಲ.

ನೆನೆಯಲು ನಾಲ್ಕು ಗಂಟೆ ಏನೇನೂ ಸಾಲದು. ಹನ್ನೆರಡು ಗಂಟೆ ಬೇಕೇ ಬೇಕು, ಇಪ್ಪತ್ತನಾಲ್ಕಾದರೆ ಲೇಸು. ಫ್ರಿಜ್ಜಿನೊಳಗೇ ನೆನೆಯಲಿ, ನಡುವೆ ಮೂರು ಸಲ ನೀರು ಬದಲಿಸಿ. ನೆನೆದದ್ದು ಕಾಣುತ್ತದೆ: ಸುಕ್ಕುಗಳು ಬಿಚ್ಚಿಕೊಂಡು ಮೈ ನುಣುಪಾಗುತ್ತದೆ, ತೂಕ ಒಂದೂವರೆ ಪಟ್ಟಿನಷ್ಟಾಗುತ್ತದೆ, ಚಾಕುವಿನಿಂದ ಕೊಯ್ದರೆ ಒಳಗೆ ಹಸಿ ಕಾಯಿಯಂತೆ ಬೆಳ್ಳಗೆ. ನಡುವಿನಲ್ಲಿ ಒಣ ಚುಕ್ಕಿ ಉಳಿದಿದ್ದರೆ ಇನ್ನೂ ಆಗಿಲ್ಲ.

ನೆನೆದ ಗೆಡ್ಡೆಗೆ ನಾನೊಂದು ಕೆಲಸ ಮಾಡುತ್ತೇನೆ. ವಲೆನ್ಸಿಯಾದವರ ಕ್ರಮವಲ್ಲ ಇದು, ಕ್ಲೋರಿನ್ನಿನ ಬದಲಿಗೆ ಮನೆಮಟ್ಟದಲ್ಲಿ ನಾನು ರೂಢಿಸಿಕೊಂಡದ್ದು. ದೊಡ್ಡ ಪಾತ್ರೆಯಲ್ಲಿ ನೀರು ಮರಳಲು ಇಟ್ಟು, ಗೆಡ್ಡೆಯನ್ನು ಜಾಲರಿ ಸೌಟಿನಲ್ಲಿ ಹಾಕಿ ಮರಳುವ ನೀರಿಗೆ ಇಳಿಸಿ, ಮೂವತ್ತು ಎಣಿಸಿ, ಎತ್ತಿ, ಕಾಯಿಸಿ ಆರಿಸಿದ ತಣ್ಣೀರಿಗೆ ಹಾಕುತ್ತೇನೆ. ಮೈಮೇಲಿನ ಜೀವಿಗಳು ಬಹುಮಟ್ಟಿಗೆ ಸಾಯುತ್ತವೆ. ಒಳಗಿನ ಪಿಷ್ಟಕ್ಕೆ ಬಿಸಿ ತಲುಪುವಷ್ಟು ಸಮಯ ಸಿಗುವುದಿಲ್ಲ. ಹೀಗೆ ಮಾಡಿದರೆ ಪೂರ್ತಿ ಶುದ್ಧವಾಯಿತೆಂದು ತಿಳಿಯಬೇಡಿ, ಚಳಿಯ ಕಾವಲು ಆಮೇಲೂ ಬೇಕು. ಇಲ್ಲಿಂದ ಮುಂದೆ ಮುಟ್ಟುವ ನೀರೆಲ್ಲ ಕಾಯಿಸಿ ಆರಿಸಿ ಫ್ರಿಜ್ಜಿನಲ್ಲಿಟ್ಟದ್ದೇ ಆಗಿರಬೇಕು. ಮಿಕ್ಸಿ ಜಾರ್, ಬಾಟಲಿ, ಸೋಸುವ ಬಟ್ಟೆಗೂ ಕುದಿನೀರಿನ ಸ್ನಾನವಾಗಲಿ. ಮಿಕ್ಸಿ ಜಾರಿನ ಮುಚ್ಚಳದ ರಬ್ಬರನ್ನು ಬಿಚ್ಚಿ ತೊಳೆಯುವುದನ್ನು ಮರೆಯಬೇಡಿ. ನೆನ್ನೆಯ ಚಟ್ನಿಯ ಹುಳಿ ಅಡಗಿ ಕೂರುವುದು ಅಲ್ಲೇ.

ರುಬ್ಬುವಾಗ ಎಲ್ಲ ನೀರನ್ನೂ ಒಮ್ಮೆಗೇ ಹಾಕಿದರೆ ಗೆಡ್ಡೆ ನೀರಿನಲ್ಲಿ ಗಿರಗಿರ ಸುತ್ತುತ್ತದೆಯೇ ಹೊರತು ನುರಿಯುವುದಿಲ್ಲ. ಕಾಲು ಭಾಗ ಗೆಡ್ಡೆ, ಅದು ಮುಳುಗುವಷ್ಟು ಮಾತ್ರ ನೀರು. ಬಿಟ್ಟು ಬಿಟ್ಟು ತಿರುಗಿಸಿ, ಅರ್ಧ ನಿಮಿಷಕ್ಕೊಮ್ಮೆ ನಿಲ್ಲಿಸಿ. ಹೀಗೆ ನಿಲ್ಲಿಸುವುದು ಮೋಟಾರಿನ ಮೇಲಿನ ಕರುಣೆಯಿಂದಷ್ಟೇ ಅಲ್ಲ. ಒಂದೇ ಸಮನೆ ತಿರುಗಿಸಿದರೆ ಜಾರ್ ಬಿಸಿಯಾಗುತ್ತದೆ, ನಾವು ದೂರವಿಟ್ಟ ಒಲೆ ಜಾರಿನೊಳಗೇ ಹೊತ್ತಿಕೊಂಡಂತಾಗುತ್ತದೆ. ಎರಡು ಬೆರಳ ನಡುವೆ ತಿಕ್ಕಿ ನೋಡಿದರೆ ಚಿರೋಟಿ ರವೆಗಿಂತ ನುಣ್ಣಗಿರಬೇಕು. ವೆಟ್ ಗ್ರೈಂಡರ್ ಇದ್ದವರು ಅದರಲ್ಲೇ ರುಬ್ಬಲಿ, ಕಲ್ಲು ತಣ್ಣಗೆ ಕೆಲಸ ಮಾಡುತ್ತದೆ, ಹಾಲೂ ಹೆಚ್ಚು ಇಳಿಯುತ್ತದೆ.

ರುಬ್ಬಿದ್ದನ್ನು ಲೀಟರಿನಲ್ಲಿ ಮುಕ್ಕಾಲು ಪಾಲು ನೀರು ಬೆರೆಸಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಈ ಅರ್ಧ ಗಂಟೆಯನ್ನು ಬಹಳ ಮಂದಿ ಹಾರಿಸಿಬಿಡುತ್ತಾರೆ, ಆಮೇಲೆ ರುಚಿ ಸಾಲದೆಂದು ಸಕ್ಕರೆ ಸುರಿಯುತ್ತಾರೆ. ನಂತರ ಬೆಳ್ಳನೆಯ ಪಂಚೆ ಬಟ್ಟೆಯಲ್ಲಿ ಸೋಸಿ ಹಿಂಡಿ. ಮುದ್ದೆಯಾಗಿ ಉಳಿದ ಹಿಪ್ಪೆಗೆ ಉಳಿದ ಕಾಲು ಪಾಲು ನೀರು ಹಾಕಿ ಕಿವುಚಿ ಮತ್ತೊಮ್ಮೆ ಹಿಂಡಿ, ತೆಂಗಿನಕಾಯಿಯ ಎರಡನೆಯ ಹಾಲು ತೆಗೆದ ಹಾಗೆ. ನಮ್ಮಮ್ಮ ಹಾಲುಬಾಯಿಗೆ ರಾಗಿ ಹಾಲು ತೆಗೆಯುವಾಗ ಮೂರನೆಯ ಸಲವೂ ಹಿಂಡುತ್ತಿದ್ದರು, ಹಿಪ್ಪೆ ಬಟ್ಟೆಗೆ ಅಂಟದೆ ಉದುರುವವರೆಗೂ ಬಿಡುತ್ತಿರಲಿಲ್ಲ. ಚೂಫಾಕ್ಕೆ ಎರಡು ಸಾಕು. ಎರಡೂ ಹಾಲನ್ನು ಸೇರಿಸಿ, ಬಟ್ಟೆಯನ್ನು ಜಾಲಿಸಿಕೊಂಡು ಕೊನೆಗೊಮ್ಮೆ ಸೋಸಿಬಿಡಿ. ಇಲ್ಲವಾದರೆ ಗಂಟಲಲ್ಲಿ ಮರಳು ಮರಳು.

ಅಲ್ಲಿಯವರು ಲೀಟರಿಗೆ ನೂರು ಗ್ರಾಂ ಸಕ್ಕರೆ, ಕೆಲವರು ಅದಕ್ಕೂ ಹೆಚ್ಚು ಹಾಕುತ್ತಾರೆ. ಗೆಡ್ಡೆಯಲ್ಲೇ ಸಿಹಿ ಇರುವಾಗ ಮಗುವಿಗೆ ಅಷ್ಟೊಂದು ಬೇಕಿಲ್ಲ, ನನ್ನ ಕೇಳಿದರೆ ಏನೂ ಬೇಕಿಲ್ಲ. ಒಂದು ತುಂಡು ದಾಲ್ಚಿನ್ನಿಯೋ ನಿಂಬೆಯ ಸಿಪ್ಪೆಯೋ ಒಂದೆರಡು ಗಂಟೆ ಅದರೊಳಗಿರಲಿ. ಉತ್ತರ ನೈಜೀರಿಯಾದ ಹೌಸಾ ಜನರ ದಾರಿ ನನಗೆ ಇನ್ನೂ ಇಷ್ಟ: ಅವರ ಕುನುನ್ ಆಯಾ ಎಂಬ ಪೇಯದಲ್ಲಿ ಚೂಫಾದ ಜೊತೆಗೇ ಖರ್ಜೂರ, ಹಸಿಶುಂಠಿ, ತೆಂಗಿನಕಾಯಿ ಹಾಕಿ ರುಬ್ಬುತ್ತಾರೆ. ನಮ್ಮ ನಾಲಿಗೆಗೆ ಸ್ಪೇನಿಗಿಂತ ಅದು ಹತ್ತಿರ.

ಬಾಟಲಿ ಫ್ರಿಜ್ಜಿನ ಬಾಗಿಲಲ್ಲಿ ಬೇಡ, ಒಳಗೆ ಹಿಂಬದಿಯ ಗೋಡೆಗೆ ತಾಗಿದಂತೆ ಇಡಿ. ಎರಡು ದಿನ, ಅಷ್ಟೇ. ಮಗುವಿಗಾದರೆ ಮಾಡಿದ ದಿನವೇ ಮುಗಿಸಿ. ತಳದಲ್ಲಿ ಬಿಳಿ ಗಸಿ, ಮೇಲೆ ತಿಳಿ ನೀರು ಕಾಣುವುದು ಕೆಟ್ಟಿದ್ದರ ಗುರುತಲ್ಲ, ಪಿಷ್ಟ ಕೆಳಗೆ ಕೂತಿರುತ್ತದೆ, ಕುಲುಕಿ ಬಗ್ಗಿಸಿಕೊಳ್ಳಿ. ಹುಳಿ ವಾಸನೆ, ಗುಳ್ಳೆ, ಚಮಚ ಎತ್ತಿದರೆ ಎಳೆ ಎಳೆಯಾಗಿ ಬರುವುದು, ಇವುಗಳಲ್ಲಿ ಯಾವುದು ಕಂಡರೂ ಚೆಲ್ಲಿ. ಕರೆಂಟು ಅರ್ಧ ದಿನ ಹೋಗುವ ಊರಾದರೆ ಬೇಸಿಗೆಯಲ್ಲಿ ಈ ಸಾಹಸವೇ ಬೇಡ.

ಹಿಂಡಿ ಉಳಿದ ಹಿಪ್ಪೆಯಲ್ಲಿ ನಾರು ವಿಪರೀತ. ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ ರೊಟ್ಟಿ ಹಿಟ್ಟಿಗೆ ಎರಡು ಚಮಚ ಸೇರಿಸಿಕೊಳ್ಳಬಹುದು, ಹೆಚ್ಚು ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ.

ಕಾಫಿಗೆ? ನೀವು ಕೇಳಿಲ್ಲ, ಹಾಸನದವರು ಕೇಳದೆ ಇರುವುದಿಲ್ಲವೆಂದು ನಾನೇ ಹೇಳುತ್ತೇನೆ. ಬಿಸಿ ಡಿಕಾಕ್ಷನ್‌ಗೆ ಬೆರೆಸಿದರೆ ಲೋಟದೊಳಗೇ ಸಣ್ಣಗೆ ಗಂಜಿ ಕಟ್ಟಿ ಲೋಳೆಲೋಳೆಯಾಗುತ್ತದೆ. ತಣ್ಣನೆಯ ಡಿಕಾಕ್ಷನ್‌ಗೆ ಚೆನ್ನಾಗಿ ಹೊಂದುತ್ತದೆ. ಮೊಸರಂತೂ ಆಗುವುದಿಲ್ಲ. ಹಾಲು ಹೆಪ್ಪಾಗುವುದು ಅದರಲ್ಲಿರುವ ಕೇಸಿನ್ ಎಂಬ ಪ್ರೋಟೀನ್ ಹುಳಿಗೆ ಸಿಕ್ಕಿ ಗಟ್ಟಿ ಕಟ್ಟುವುದರಿಂದ. ಚೂಫಾದಲ್ಲಿ ಆ ಪ್ರೋಟೀನ್ ಇಲ್ಲ. ಹೆಪ್ಪು ಹಾಕಿದರೆ ಹುಳಿಯಾದ ನೀರು ಸಿಗುತ್ತದೆ, ಅದನ್ನು ನೀವು ಹೆಪ್ಪಿಲ್ಲದೆಯೇ ಮಾಡಿ ನೋಡಿದ್ದೀರಿ. ಮೇಲಾಗಿ ಮನೆಯ ಹೆಪ್ಪು ಹಸುವಿನ ಮೊಸರೇ ಆದ್ದರಿಂದ ನಿಮ್ಮ ಮಗನ ಪಾಲಿಗೆ ಅದು ಅಪಾಯ.

ಈಗ ಹಾಲಿನ ಬದಲಿಗೆ ಆಗುತ್ತದೆಯೆ ಎಂಬ ಪ್ರಶ್ನೆ. ಲೋಟದಲ್ಲಿ ಆಗುತ್ತದೆ, ಲೆಕ್ಕದಲ್ಲಿ ಆಗುವುದಿಲ್ಲ. ಹಸುವಿನ ಹಾಲಿನಲ್ಲಿ ನೂರು ಮಿಲಿಲೀಟರಿಗೆ ಮೂರು ಗ್ರಾಂಗಿಂತ ತುಸು ಹೆಚ್ಚು ಪ್ರೋಟೀನ್, ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮನೆಯಲ್ಲಿ ಸೋಸಿದ ಚೂಫಾ ಹಾಲಿನಲ್ಲಿ ಪ್ರೋಟೀನ್ ಒಂದು ಗ್ರಾಂ ಮುಟ್ಟಿದರೆ ಪುಣ್ಯ, ಕ್ಯಾಲ್ಸಿಯಂ ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ. ಅದರ ಎಣ್ಣೆ ಒಳ್ಳೆಯದು, ಆಲಿವ್ ಎಣ್ಣೆಯ ಹಾಗೆ ಒಲೇಯಿಕ್ ಆಮ್ಲವೇ ಪ್ರಧಾನ. ಶಕ್ತಿ ಕೊಡುತ್ತದೆ, ರುಚಿ ಕೊಡುತ್ತದೆ, ಎಲ್ಲ ಮಕ್ಕಳೂ ಹಾಲಿನ ಲೋಟ ಹಿಡಿದಾಗ ತನಗೂ ಒಂದು ಬೆಳ್ಳನೆಯ ಲೋಟ ಇದೆ ಎಂಬ ಸಮಾಧಾನ ಕೊಡುತ್ತದೆ. ಆ ಸಮಾಧಾನವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಬೆಳೆಯುವ ಹುಡುಗನ ಮೂಳೆ ಕಟ್ಟುವ ಕೆಲಸವನ್ನು ಅದರ ತಲೆಗೆ ಹೊರಿಸಬೇಡಿ. ಅದಕ್ಕೆ ನಿಮ್ಮ ಮನೆಯಲ್ಲೇ ರಾಗಿ ಇದೆ: ನೂರು ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಪ್ರೋಟೀನಿಗೆ ಬೇಳೆಕಾಳು, ಒಗ್ಗುವುದಾದರೆ ಸೋಯಾ ಹಾಲು; ಸಸ್ಯಜನ್ಯ ಹಾಲುಗಳಲ್ಲಿ ಪ್ರೋಟೀನಿನ ಮಟ್ಟಿಗೆ ಹಸುವಿನ ಹಾಲಿಗೆ ಸಾಟಿ ನಿಲ್ಲುವಂಥದು ಅದು. ಎಳ್ಳಿನಲ್ಲೂ ಕ್ಯಾಲ್ಸಿಯಂ ಹೇರಳ, ಆದರೆ ಎಳ್ಳು ಕೂಡ ಅಲರ್ಜಿ ತರುವ ಪದಾರ್ಥಗಳ ಸಾಲಿನದೇ ಆದ್ದರಿಂದ ನಿಮ್ಮ ಮಗನಿಗೆ ವೈದ್ಯರನ್ನು ಕೇಳದೆ ಎಳ್ಳು ಪಾನಕ ಕೊಡಬೇಡಿ. ಸಸ್ಯಾಹಾರಿ ಮನೆಯಾದರೆ ಇನ್ನೊಂದು ಮಾತು: ಬಿ12 ಜೀವಸತ್ವಕ್ಕೆ ನಮ್ಮಲ್ಲಿ ಬಹುಪಾಲು ಆಧಾರ ಹಾಲು, ಮೊಸರು. ಅವೆರಡೂ ತಪ್ಪಿದ ಮಗುವಿಗೆ ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಮುಂದಿನ ಭೇಟಿಯಲ್ಲಿ ವೈದ್ಯರ ಮುಂದೆ ಎತ್ತಿ. ಒಂದು ವರ್ಷದೊಳಗಿನ ಕೂಸುಗಳಿಗಂತೂ ಎದೆಹಾಲಿನ ಜಾಗದಲ್ಲಿ ಇಂಥ ಯಾವ ಪೇಯವೂ ಸಲ್ಲದು. ನಿಮ್ಮ ಮಗ ದೊಡ್ಡವನು, ಬೇರೆ ಓದುಗರಿಗಾಗಿ ಹೇಳಿದೆ.

ಇನ್ನು ನಿಮ್ಮ ಮಾವನವರು. ಅವರ ಕಣ್ಣು ಅರ್ಧ ಸರಿಯಾಗಿಯೇ ನೋಡಿದೆ. ಚೂಫಾ ಮತ್ತು ನಮ್ಮ ಹೊಲದ ಜೇಕು ದಾಯಾದಿಗಳು, ಎರಡೂ ಸೈಪರಸ್ ಕುಲದವು. ಇದು ಸೈಪರಸ್ ಎಸ್ಕ್ಯುಲೆಂಟಸ್. ಜೇಕು, ಕೆಲವು ಕಡೆ ತುಂಗೆ, ಕೊನ್ನಾರಿ ಎಂದು ಕರೆಸಿಕೊಳ್ಳುವುದು ಸೈಪರಸ್ ರೊಟಂಡಸ್. ಎಸ್ಕ್ಯುಲೆಂಟಸ್ ಎಂದರೆ ತಿನ್ನಲು ಬರುವಂಥದು ಎಂದೇ ಅರ್ಥ. ಜೇಕನ್ನು ಕಿತ್ತು ನೋಡಿ: ಒಂದೇ ಬೇರಿನ ಎಳೆಯಲ್ಲಿ ಗೆಡ್ಡೆಗಳು ಜಪಮಣಿಯಂತೆ ಸಾಲಾಗಿ ಪೋಣಿಸಿಕೊಂಡಿರುತ್ತವೆ, ಕಪ್ಪು ನಾರು ಸುತ್ತಿರುತ್ತದೆ, ಜಜ್ಜಿದರೆ ಕರ್ಪೂರದ ಹಾಗೆ ಘಾಟು, ನಾಲಿಗೆಗೆ ಕಹಿ. ಚೂಫಾದಲ್ಲಿ ಪ್ರತಿ ಎಳೆಯ ತುದಿಗೆ ಒಂದೇ ಗೆಡ್ಡೆ, ಘಾಟಿಲ್ಲ, ಸಿಹಿ. ಆಯುರ್ವೇದದವರು ಮುಸ್ತಾ, ಭದ್ರಮುಷ್ಟಿ ಎಂದು ಬಳಸುವುದು ಜೇಕನ್ನು. ಔಷಧವಾಗಿ ಚಿಟಿಕೆಯಲ್ಲಿ ಕೊಡುವುದು ಬೇರೆ, ಕಾಲು ಕಿಲೋ ರುಬ್ಬಿ ಮಗುವಿಗೆ ಲೋಟಗಟ್ಟಲೆ ಕುಡಿಸುವುದು ಬೇರೆ. ಅದೂ ಕಳೆನಾಶಕ ಸಿಂಪಡಿಸಿದ ಹೊಲದ್ದಾದರೆ ಕೇಳುವುದೇ ಬೇಡ. ಜೇಕನ್ನು ಹಾಲಿಗೆ ಬಳಸಬೇಡಿ.

ತಂದ ಗೆಡ್ಡೆಯಲ್ಲಿ ನಾಲ್ಕನ್ನು ಹೊಲದ ಬದುವಿಗೆ ಊರಿ ನೋಡೋಣ ಎಂದು ಅವರಿಗೆ ಅನ್ನಿಸಿದರೆ ದಯವಿಟ್ಟು ತಡೆಯಿರಿ. ಚೂಫಾದ ಕಾಡು ರೂಪವನ್ನು ಹಲವು ದೇಶಗಳ ರೈತರು ಜೇಕಿನಷ್ಟೇ ಶಪಿಸುತ್ತಾರೆ. ಆಸೆಯಿದ್ದರೆ ಹಳೆಯ ಬಕೆಟ್ಟಿನಲ್ಲಿ ಮರಳು ಮಣ್ಣು ತುಂಬಿ, ಸಿಮೆಂಟಿನ ಅಂಗಳದಲ್ಲಿಟ್ಟು ಬೆಳೆಸಲಿ.

ಈ ಚೀಲ ಮುಗಿದ ಮೇಲೆ ಇಲ್ಲಿ ಕೊಳ್ಳಲು ಹೋದರೆ ಒಂದು ಎಚ್ಚರ. ಯುರೋಪಿನಲ್ಲಿ ಕಾರ್ಪ್ ಮೀನು ಹಿಡಿಯುವವರು ಇದೇ ಗೆಡ್ಡೆಯನ್ನು ಗಾಳಕ್ಕೆ ಸಿಕ್ಕಿಸುತ್ತಾರೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಚೀಲ ಆ ದರ್ಜೆಯದಾಗಿರಬಹುದು. ಮನುಷ್ಯರ ಆಹಾರವೆಂದು ಬರೆದಿದೆಯೇ, ಯಾವ ದೇಶದ್ದು, ಯಾವಾಗ ತುಂಬಿದ್ದು ಎಂದು ನೋಡಿ. ಸ್ಪೇನಿನಿಂದ ಬಂದದ್ದಾದರೆ ‘ವಲೆನ್ಸಿಯಾ ಚೂಫಾ’ ಎಂಬ ಮೂಲಸ್ಥಾನದ ಮುದ್ರೆ ಇದೆಯೇ ನೋಡಿ, ನಮ್ಮ ಮೈಸೂರು ಮಲ್ಲಿಗೆಗೆ ಇರುವ ಭೌಗೋಳಿಕ ಗುರುತಿನ ಹಾಗೆ. ಪಶ್ಚಿಮ ಆಫ್ರಿಕಾದ್ದೂ ತಿನ್ನಲು ಚೆನ್ನಾಗಿಯೇ ಇರುತ್ತದೆ, ತುಸು ದಪ್ಪ ಗೆಡ್ಡೆ. ಏನೇ ಆದರೂ ಕಡಲು ದಾಟಿ ಬರುವ ಮಾಲು. ದಿನಾ ಕುಡಿಯಲು ಹೊರಟರೆ ಜೇಬಿಗೆ ಭಾರ. ದಿನದ ಬಳಕೆಗೆ ತೆಂಗಿನಕಾಯಿ ಹಾಲು, ರಾಗಿ ಹಾಲು ಸಾಕು, ಚೂಫಾ ಭಾನುವಾರಕ್ಕಿರಲಿ.

ನಿಮ್ಮಲ್ಲಿ ಉಳಿದಿರುವುದು ಅರ್ಧ ಕಿಲೋ, ಅಂದರೆ ಅರ್ಧರ್ಧ ಲೀಟರಿನ ನಾಲ್ಕು ಸರದಿ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಮೊದಲ ಅರ್ಧ ಲೀಟರನ್ನು ನೀವು ದೊಡ್ಡವರೇ ಕುಡಿದು ಮುಗಿಸಿ, ಮಾವನವರಿಗೂ ಒಂದು ಲೋಟ ಕೊಡಿ. ಎರಡನೆಯ ಸಲ ಮಾಡಿದಾಗ ಮಗನಿಗೆ ಒಂದು ಚಮಚ ಮಾತ್ರ, ಅದೂ ವೈದ್ಯರಿಗೆ ಹೇಳಿ ಒಪ್ಪಿಗೆ ಪಡೆದ ಮೇಲೆ, ಬೆಳಗಿನ ಹೊತ್ತು, ಆಸ್ಪತ್ರೆ ತೆರೆದಿರುವ ದಿನ. ಚೂಫಾ ಬಾದಾಮಿಯ ಜಾತಿಯಲ್ಲದಿದ್ದರೂ ಅಲರ್ಜಿಯ ಮೈ ಹೊಸ ಪದಾರ್ಥವನ್ನು ಹೇಗೆ ಸ್ವೀಕರಿಸುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ. ದದ್ದು, ತುಟಿ ಊತ, ವಾಂತಿ ಯಾವುದೂ ಇಲ್ಲದೆ ಆ ದಿನ ಕಳೆದರೆ, ಮುಂದಿನ ಸಲ ಹೊಸದಾಗಿ ಮಾಡಿದಾಗ ಕಾಲು ಲೋಟ.